ನಿಮ್ಮ ಒಂಬತ್ತನೇ ಗೂಟ ನೀರಿನಲ್ಲಿದೆ: ಒಳಚರಂಡಿ ಯೋಜನೆಯವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ನಮ್ಮೂರಿನ ಒಳಚರಂಡಿಯ ನಕ್ಷೆ ಬರೆದವರು, ಅದಕ್ಕೆ ಸಹಿ ಹಾಕಿದವರು, ದೀಪಾವಳಿ ಕಳೆದ ಮೇಲೆ ಜೆಸಿಬಿ ತಗೊಂಡು ಬರಲಿರುವವರು

ಮಾನ್ಯರೇ,

ಜನವರಿಯಲ್ಲಿ ನೀವು ಹೊಡೆದು ಹೋದ ಗೂಟಗಳಲ್ಲಿ ಒಂಬತ್ತನೆಯದು ಈಗ ನೀರಿನಲ್ಲಿದೆ. ತುದಿಗೆ ಬಳಿದ ಕೆಂಪು ಬಣ್ಣ ನಾಲ್ಕು ಬೆರಳು ಕಾಣುತ್ತದೆ, ಅಷ್ಟೇ. ಮೊನ್ನೆ ಅಮಾವಾಸ್ಯೆಯ ಭರತಕ್ಕೆ, ಅಂದರೆ ಕಡಲ ನೀರು ಏರಿದಾಗ, ಅದೂ ಕಾಣಲಿಲ್ಲ. ನಿಮ್ಮ ನಕ್ಷೆಯ ಪ್ರಕಾರ ಆ ಗೂಟದ ಜಾಗದಲ್ಲಿ ಪಂಪ್‌ಹೌಸ್ ಬರಬೇಕು. ಇಡೀ ಊರಿನ ಹೊಲಸು ನೀರು ಅಲ್ಲಿಗೆ ಹರಿದು ಬಂದು, ಅಲ್ಲಿಂದ ಪಂಪ್ ಆಗಿ ಹೋಗಬೇಕು.

ನಾನು ಅಘನಾಶಿನಿ ಅಳಿವೆಯ ದಂಡೆಯ ಒಂದು ಊರಿನವನು. ಊರಿನ ಹೆಸರು ಬರೆಯುವುದಿಲ್ಲ, ನಿಮಗೆ ಗೊತ್ತಿದೆ. ಉಳಿದವರಿಗೆ ಇಷ್ಟು ಸಾಕು: ಒಂದು ಕಡೆ ಹೊಳೆ, ಒಂದು ಕಡೆ ಗಜನಿ (ಹೊಳೆಯ ಉಪ್ಪುನೀರು ಹತ್ತುವ ತಗ್ಗಿನ ಗದ್ದೆ), ಹಿಂದೆ ಚಿರೆಕಲ್ಲಿನ ಬೇಣ, ಅಂದರೆ ಹುಲ್ಲುಗುಡ್ಡ. ನಡುವೆ ಉಳಿದ ಮರಳು ನೆಲದಲ್ಲಿ ನಾವು, ನಮ್ಮ ತೆಂಗಿನ ಮರಗಳು, ನಮ್ಮ ಬಾವಿಗಳು.

ಮೊದಲೇ ಒಂದು ಮಾತು. ಈ ಪತ್ರ ಒಳಚರಂಡಿ ಬೇಡ ಅನ್ನುವವರ ಪತ್ರ ಅಲ್ಲ. ಈ ಭಾಗದವರು ಅಂದ ಕೂಡಲೇ ನಿಮ್ಮ ಕಡೆಯವರಿಗೆ ತದಡಿಯ ಉಷ್ಣ ವಿದ್ಯುತ್ ಸ್ಥಾವರದ ವಿರುದ್ಧ ನಡೆದ ಹೋರಾಟ ನೆನಪಾಗುತ್ತದೆ. 'ಇವರು ಎಲ್ಲದಕ್ಕೂ ಅಡ್ಡ' ಅಂತ ಸಭೆಯಲ್ಲಿ ಒಬ್ಬರು ಹೇಳಿದ್ದನ್ನೂ ಕೇಳಿಸಿಕೊಂಡಿದ್ದೇನೆ. ಆವಾಗ ಬೇಡ ಅಂದಿದ್ದು ಹೌದು. ಇದು ಬೇಕು. ಯಾಕೆ ಬೇಕು ಅನ್ನುವುದಕ್ಕೆ ನನ್ನ ಮನೆಯನ್ನೇ ಹೇಳಿಬಿಡುತ್ತೇನೆ, ಬೇರೆಯವರ ಮನೆ ಯಾಕೆ. ನಮ್ಮ ಶೌಚದ ಗುಂಡಿಗೂ ಬಾವಿಗೂ ನಡುವೆ ಆರು ಮಾರು ದೂರ. ಗುಂಡಿಗೆ ತಳ ಇಲ್ಲ, ಸುತ್ತ ಚಿರೆಕಲ್ಲು ಮಾತ್ರ. ಅಪ್ಪ ಕಟ್ಟಿಸಿದ್ದು, ಆಗ ಎಲ್ಲರೂ ಹಾಗೇ ಕಟ್ಟಿಸಿದರು. ಗುಂಡಿಯ ತಳಕ್ಕೂ ಅಂತರ್ಜಲದ ಮಟ್ಟಕ್ಕೂ ಕನಿಷ್ಠ 2 ಮೀಟರ್ ಅಂತರ ಇರಬೇಕು ಅನ್ನುತ್ತಾರೆ. ನಮ್ಮಲ್ಲಿ ಜೂನ್ ಮೂರನೇ ವಾರಕ್ಕೆ ಆ ಅಂತರ ಸೊನ್ನೆ. ಗುಂಡಿಯೂ ಬಾವಿಯೂ ಒಂದೇ ನೀರಿನಲ್ಲಿ ಕೂತಿರುತ್ತವೆ. ನಾವು ಕುದಿಸಿ ಕುಡಿಯುತ್ತೇವೆ, ಏನೂ ಆಗಿಲ್ಲ ಅಂದುಕೊಳ್ಳುತ್ತೇವೆ.

ಇದರ ಮೇಲೆ ಗೋಕರ್ಣದ ಜನಜಂಗುಳಿ ಈಗ ನಮ್ಮ ಕಡೆಗೂ ಚೆಲ್ಲಿದೆ. ಹತ್ತು ವರ್ಷದ ಹಿಂದೆ ಇಲ್ಲಿ ಒಂದು ಹೋಂಸ್ಟೇ ಇರಲಿಲ್ಲ. ಈಗ ಶನಿವಾರ ರಾತ್ರಿ ನಮ್ಮ ಕೇರಿಯಲ್ಲಿ ಊರಿನವರಿಗಿಂತ ಬೆಂಗಳೂರಿನವರೇ ಜಾಸ್ತಿ. ಟ್ಯಾಂಕ್ ತುಂಬಿದರೆ ಸಕ್ಕಿಂಗ್ ಗಾಡಿ ಬರುತ್ತದೆ. ಕತ್ತಲಾದ ಮೇಲೆ ಅದು ಎಲ್ಲಿ ಖಾಲಿಯಾಗುತ್ತದೆ ಅಂತ ಗಜನಿ ಕಟ್ಟೆಯ ಮೇಲೆ ಬೆಳಿಗ್ಗೆ ನಡೆದವರಿಗೆ ಮೂಗೇ ಹೇಳುತ್ತದೆ. ಹಾಗಾಗಿ ಯೋಜನೆ ಬಂತು ಅಂದಾಗ ಮೊದಲು ಖುಷಿಪಟ್ಟವರಲ್ಲಿ ನಾನೂ ಒಬ್ಬ.

ಖುಷಿ ಫೆಬ್ರುವರಿಯ ತನಕ ಇತ್ತು.

ಫೆಬ್ರುವರಿಯಲ್ಲಿ ನಿಮ್ಮ ಗುತ್ತಿಗೆದಾರರ ಜನ ಬಂದು ಒಂಬತ್ತನೇ ಗೂಟದ ಹತ್ತಿರ ಪರೀಕ್ಷೆಗೆ ಅಂತ ಒಂದು ಗುಂಡಿ ತೋಡಿದರು. ಹನ್ನೆರಡು ಅಡಿ ಆಳ ಬೇಕಿತ್ತಂತೆ. ಐದು ಅಡಿಗೇ ನೀರು ಬಂತು. ಬದಿಯ ಮರಳು ಕುಸಿಯತೊಡಗಿತು, ಏಡಿಗಳು ಮೇಲೆ ಹತ್ತಿ ಬಂದವು, ಆಡುತ್ತಿದ್ದ ಮಕ್ಕಳಿಗೆ ಒಳ್ಳೇ ಮಜಾ. ಮರುದಿನ ಎರಡು ಡೀಸೆಲ್ ಪಂಪ್ ಬಂದವು. ಹನ್ನೊಂದು ದಿನ, ಹಗಲೂ ರಾತ್ರಿ, ನೀರು ಎತ್ತಿದರು. ಎತ್ತಿದ ನೀರನ್ನು ಸುಮ್ನೆ ಗಜನಿಗೆ ಬಿಟ್ಟರು. ತೋಡಿದ ಕಪ್ಪು ಮಣ್ಣನ್ನು ಕಟ್ಟೆಯ ಪಕ್ಕ ರಾಶಿ ಹಾಕಿದರು.

ಪಂಪಿನ ಸದ್ದು ಸಹಿಸಿಕೊಂಡೆವು. ಎಂಟನೇ ದಿನವೋ ಒಂಬತ್ತನೇ ದಿನವೋ ಪಕ್ಕದ ಮನೆಯ ಅಜ್ಜಿ ಬೆಳಗಿನ ಚಾ ಬಾಯಿಗಿಟ್ಟು, 'ಸಕ್ಕರೆ ಡಬ್ಬಿ ಯಾವುದು ಉಪ್ಪಿನ ಡಬ್ಬಿ ಯಾವುದು ಗೊತ್ತಾಗೂದಿಲ್ವೇನೇ' ಅಂತ ಸೊಸೆಯನ್ನು ಬೈದರು. ಸೊಸೆ ಇನ್ನೊಂದು ಲೋಟ ಮಾಡಿಕೊಟ್ಟಳು. ಅದೂ ಉಪ್ಪು. ಆಮೇಲೆ ಬಾವಿಯ ನೀರನ್ನೇ ಕೈಯಲ್ಲಿ ಹಿಡಿದು ಕುಡಿದು ನೋಡಿದರು. ಆ ಬಾವಿಯ ನೀರು ಮೇ ತಿಂಗಳಲ್ಲೂ ಸಿಹಿ ಇರುತ್ತಿತ್ತು, ಸುತ್ತಲಿನ ನಾಲ್ಕು ಮನೆಯವರು ಅಲ್ಲಿಂದಲೇ ಒಯ್ಯುತ್ತಿದ್ದರು. ಆ ದಿನದಿಂದ ಮಳೆ ಹಿಡಿಯುವ ತನಕ, ಅಂದರೆ ಮೂರೂವರೆ ತಿಂಗಳು, ಅಜ್ಜಿಯ ಮನೆಗೆ ನೀರು ಬಂದಿದ್ದು ಕೊಡದಲ್ಲಿ, ಸೊಸೆಯ ಸೊಂಟದ ಮೇಲೆ.

ಗುಂಡಿ ತೋಡಿದ್ದಕ್ಕೂ ಬಾವಿ ಉಪ್ಪಾದ್ದಕ್ಕೂ ಸಂಬಂಧ ಇಲ್ಲ, ಬೇಸಿಗೆಯಲ್ಲಿ ಕರಾವಳಿಯ ಬಾವಿ ಉಪ್ಪಾಗೋದು ಸಹಜ ಅಂತ ನಿಮ್ಮ ಕಡೆಯಿಂದ ಉತ್ತರ ಬಂತು. ಸಂಬಂಧ ಇದೆ. ಸಮುದ್ರದ ಬದಿಯ ಮರಳಿನಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ, ಹಗುರ ಅಲ್ವಾ ಅದು. ಸಮುದ್ರದ ಮಟ್ಟದಿಂದ 1 ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರುತ್ತದೆ ಅನ್ನುವುದು ಹಳೆಯ ಲೆಕ್ಕ, ನೀವು ಓದುವಾಗಲೇ ಕಲಿತಿರುತ್ತೀರಿ. ಅದೇ ಲೆಕ್ಕ ತಿರುಗಿಸಿ ನೋಡಿ. ಮೇಲಿನ ಒಂದು ಅಡಿಯನ್ನು ಪಂಪ್ ಹಚ್ಚಿ ಎಳೆದರೆ ಕೆಳಗಿನ ಉಪ್ಪು ಎಷ್ಟು ಮೇಲೆ ಏರಬಹುದು? ಅದು ಒಂದು ಗುಂಡಿ, ಹನ್ನೊಂದು ದಿನ. ಈಗ ನೀವು ಊರಿನ ಉದ್ದಕ್ಕೂ ಹತ್ತು, ಹನ್ನೆರಡು ಅಡಿ ಆಳದ ಕಾಲುವೆ ತೋಡಿ, ತಿಂಗಳುಗಟ್ಟಲೆ ನೀರೆತ್ತಿ, ಪೈಪ್ ಹಾಕಲು ಹೊರಟಿದ್ದೀರಿ.

ಕಪ್ಪು ಮಣ್ಣಿನದು ಇನ್ನೊಂದು ಕಥೆ. ಕಾಂಡ್ಲಾ (ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ) ಬುಡದ ಆ ಮಣ್ಣಿನಲ್ಲಿ ಗಂಧಕ ಇರುತ್ತದೆ. ನೀರಿನಡಿಯಲ್ಲಿ ಇರುವಷ್ಟು ದಿನ ಏನೂ ಮಾಡುವುದಿಲ್ಲ, ಮೇಲೆ ತೆಗೆದು ಗಾಳಿಗೆ ಒಣಗಲು ಬಿಟ್ಟರೆ ಆಮ್ಲವಾಗುತ್ತದೆ. ನೀವು ರಾಶಿ ಹಾಕಿದ ಮಣ್ಣಿನ ಮೇಲೆ ಜೂನ್‌ನಲ್ಲಿ ಮಳೆ ಬಿತ್ತು, ತೊಳೆದ ನೀರು ಗಜನಿಗೆ ಇಳಿಯಿತು. ಆ ಮೂಲೆಯಲ್ಲಿ ಈ ವರ್ಷ ಕಗ್ಗ ಭತ್ತ ಮೊಳಕೆಯೇ ಸರಿಯಾಗಿ ಏಳಲಿಲ್ಲ. ಕಗ್ಗ ಅಂದರೆ ಉಪ್ಪು ಕುಡಿದೂ ಬದುಕುವ ಭತ್ತ. ಅದಕ್ಕೇ ಆಗಲಿಲ್ಲ ಅಂದರೆ ಲೆಕ್ಕ ಹಾಕಿ. ನಿಮಗೆ ನಷ್ಟವಾಗುವ ಮಾತನ್ನೂ ಹೇಳುತ್ತೇನೆ: ಆ ಮಣ್ಣು ನಿಮ್ಮ ಕಾಂಕ್ರೀಟನ್ನೂ ತಿನ್ನುತ್ತದೆ.

ಇಷ್ಟು ಆಳ ಯಾಕೆ ಬೇಕು ಅಂತ ನಿಮ್ಮ ಸೈಟ್ ಎಂಜಿನಿಯರ್ ಹುಡುಗನನ್ನು ಕೇಳಿದೆ. ಪಾಪ, ಅವನು ಚೆನ್ನಾಗಿಯೇ ವಿವರಿಸಿದ. ಹೊಲಸಿನ ಜೊತೆ ಗಟ್ಟಿ ಪದಾರ್ಥವೂ ಹರಿಯಬೇಕು, ಅದಕ್ಕೆ ಪೈಪಿಗೆ ಇಳಿಜಾರು ಬೇಕು, ನೆಲ ಚಪ್ಪಟೆ ಇದ್ದರೆ ಮುಂದೆ ಹೋದ ಹಾಗೆಲ್ಲ ಪೈಪ್ ಆಳಕ್ಕೆ ಇಳಿಯಲೇಬೇಕು. ಸರಿ. ಗಟ್ಟಿ ಪದಾರ್ಥವನ್ನು ಪೈಪಿಗೆ ಬಿಡದೇ ಇದ್ದರೆ? ಪ್ರತಿ ಮನೆಯಲ್ಲಿ, ಇಲ್ಲಾ ಮೂರು ನಾಲ್ಕು ಮನೆಗೆ ಒಂದರಂತೆ, ತಳ ಇರುವ, ಸೋರದ ಸೆಪ್ಟಿಕ್ ಟ್ಯಾಂಕ್ ಕಟ್ಟಿ, ಗಟ್ಟಿಯದ್ದು ಅಲ್ಲೇ ಕೂರಲಿ, ಮೇಲಿನ ನೀರು ಮಾತ್ರ ಸಣ್ಣ ಪೈಪಿನಲ್ಲಿ ಹೋಗಲಿ ಅಂದರೆ ಮೂರು ಅಡಿ ಆಳ ಸಾಕಾಗುತ್ತದೆ. ಬೇಸಿಗೆಯಲ್ಲಿ ಅಷ್ಟು ಆಳಕ್ಕೆ ನಮ್ಮಲ್ಲಿ ನೀರೇ ಬರುವುದಿಲ್ಲ. ಪಂಪ್ ಹಚ್ಚುವ ಕೆಲಸವೇ ಇಲ್ಲ. ಇದು ನಾನು ಕಂಡುಹಿಡಿದದ್ದಲ್ಲ, ಸ್ಮಾಲ್ ಬೋರ್ ಸೀವರ್ ಅಂತ ನಿಮ್ಮವರೇ ಕರೆಯುತ್ತೀರಿ.

ಇದಕ್ಕೆ ಸಭೆಯಲ್ಲಿ ಬಂದ ಉತ್ತರ: 'ಜನ ಟ್ಯಾಂಕ್ ಖಾಲಿ ಮಾಡಿಸೋದಿಲ್ಲ, ಆಮೇಲೆ ಎಲ್ಲಾ ಪೈಪಿಗೇ ಬರುತ್ತೆ.' ಈ ಮಾತು ನಿಜ, ನಾನು ಒಪ್ಪುತ್ತೇನೆ. ನನ್ನ ಗುಂಡಿಯನ್ನು ನಾನೇ ಒಂಬತ್ತು ವರ್ಷ ಮುಟ್ಟಿಲ್ಲ. ಆದರೆ ಅದನ್ನು ಜನರ ಮೇಲೆ ಬಿಡಬೇಕು ಅಂತ ಯಾರು ಹೇಳಿದ್ದು? ಪಂಚಾಯಿತಿಯೇ ಪಟ್ಟಿ ಇಟ್ಟುಕೊಂಡು, ಮೂರು ವರ್ಷಕ್ಕೊಮ್ಮೆ ಕೇರಿ ಕೇರಿಗೆ ಗಾಡಿ ಕಳಿಸಲಿ, ಹಣವನ್ನು ಮನೆ ತೆರಿಗೆಯ ಜೊತೆ ವಸೂಲಿ ಮಾಡಲಿ. ಗಾಡಿ ಕೆಲಸ ಗಾಡಿಯೇ ಮಾಡಲಿ, ಮನುಷ್ಯ ಇಳಿಯುವುದು ಬೇಡ, ಅದನ್ನು ನಿಷೇಧಿಸಿದ 2013ರ ಕಾಯ್ದೆ ಬಂದಮೇಲೂ ನಾವು ಗುಂಡಿಗೆ ಇಳಿದು ಸತ್ತವರ ಸುದ್ದಿ ಓದುತ್ತಲೇ ಇದ್ದೇವೆ. ಎತ್ತಿದ್ದನ್ನು ಗಜನಿಗೆ ಸುರಿಯದೆ ಬೇಣದ ಮೇಲೆ ಒಣಗಿಸುವ ತೊಟ್ಟಿಗಳನ್ನು ಕಟ್ಟಲಿ. ದೇವನಹಳ್ಳಿಯಲ್ಲಿ 2015ರಿಂದ ಇಂಥದ್ದು ನಡೆಯುತ್ತಿದೆ. ಸ್ವಚ್ಛ ಭಾರತ್ ಗ್ರಾಮೀಣದ ಎರಡನೇ ಹಂತದಲ್ಲಿ ಮಲತ್ಯಾಜ್ಯದ ನಿರ್ವಹಣೆಗೂ ಜಾಗ ಇದೆ. ದಾರಿ ಇದೆ, ಹಿಡಿಯಬೇಕು.

ಇನ್ನು ಪಂಪ್‌ಹೌಸಿಗೆ ಬರುತ್ತೇನೆ. ನಕ್ಷೆಯ ಮೂರನೇ ಹಾಳೆಯಲ್ಲಿ ಪಂಪ್‌ಹೌಸಿನಿಂದ ಹೊಳೆಯ ಕಡೆಗೆ ಒಂದು ಚುಕ್ಕೆ ಗೆರೆ ಇದೆ. 'ತುರ್ತು ಹೊರಹರಿವು' ಅಂತ ಬರೆದಿದೆ. ಗೆರೆ ಹೋಗಿ ಮುಗಿಯುವುದು ಕಾಂಡ್ಲಾ ಗಿಡಗಳ ನಡುವೆ. ತುರ್ತು ಅಂದರೆ ಯಾವಾಗ? ಕರೆಂಟ್ ಹೋದಾಗ, ಪಂಪ್ ಕೆಟ್ಟಾಗ, ಮಳೆ ನೀರು ಪೈಪಿಗೆ ನುಗ್ಗಿದಾಗ. ನಮ್ಮ ಕಡೆ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಾಳಿಗೆ ಒಂದು ಮರ ತಂತಿಯ ಮೇಲೆ ಬಿದ್ದರೆ ಎರಡು ದಿನ ಕರೆಂಟ್ ಇಲ್ಲ. ಇಟ್ಟಿಗೆ ಕಟ್ಟಿದ ಮ್ಯಾನ್‌ಹೋಲುಗಳು ನೀರಿನಲ್ಲಿ ಮುಳುಗಿದ ನೆಲದಲ್ಲಿ ಕೂತಿರುವಾಗ ಸಂದಿಸಂದಿಯಿಂದ ನೀರು ಒಳಗೆ ಬರುತ್ತದೆ. ಅಂದರೆ ನಿಮ್ಮ ತುರ್ತು ನಮಗೆ ನಾಲ್ಕು ತಿಂಗಳು. ಅದನ್ನು ಮಳೆಗಾಲ ಅಂತ ಕರೆದುಬಿಡಿ, ಚುಕ್ಕೆ ಗೆರೆ ಬದಲು ಗಟ್ಟಿ ಗೆರೆಯನ್ನೇ ಎಳೆಯಿರಿ.

ಆ ಗೆರೆ ಮುಗಿಯುವ ಜಾಗದಿಂದ ಐವತ್ತು ಮಾರು ಆಚೆ ಬಳಚು (ತಿನ್ನುವ ಚಿಪ್ಪುಮೀನು) ಹೆಕ್ಕುವ ದಿಬ್ಬ ಇದೆ. ಇಳಿತದ ಹೊತ್ತಿಗೆ ಅಲ್ಲಿ ಹೆಂಗಸರು ಸೊಂಟದ ಮಟ್ಟದ ನೀರಿನಲ್ಲಿ ನಿಂತು ಕಾಲಿನಿಂದ ಮರಳು ಕೆದಕುತ್ತಾ ಬುಟ್ಟಿ ತುಂಬಿಸುತ್ತಾರೆ. ಬುಟ್ಟಿ ಒಂದು ಹಗ್ಗದಿಂದ ಅವರ ಸೊಂಟಕ್ಕೇ ಕಟ್ಟಿರುತ್ತದೆ, ಹಿಂದೆ ತೇಲಿಕೊಂಡು ಬರುತ್ತದೆ. ಮನೆಗೆ ಒಂದು ಸಾರಿನಷ್ಟು ಇಟ್ಟುಕೊಂಡು ಉಳಿದದ್ದು ಪೇಟೆಗೆ. ದೋಣಿ ಬೇಡ, ಬಲೆ ಬೇಡ, ಬಂಡವಾಳ ಬೇಡ, ಮೊಣಕಾಲಿನಲ್ಲಿ ಶಕ್ತಿ ಇದ್ದರೆ ಸಾಕು. ಗಂಡ ತೀರಿಕೊಂಡ ಮೇಲೆ ಬಳಚಿನಿಂದಲೇ ಇಬ್ಬರು ಮಕ್ಕಳನ್ನು ಓದಿಸಿದವರು ನಮ್ಮ ಕೇರಿಯಲ್ಲಿದ್ದಾರೆ. ಬಳಚು ಬದುಕುವುದೇ ನೀರನ್ನು ಸೋಸಿ. ನೀರಿನಲ್ಲಿ ಏನಿದೆಯೋ ಅದು ಚಿಪ್ಪಿನೊಳಗೆ ಬರುತ್ತದೆ, ಅಲ್ಲಿಂದ ತಟ್ಟೆಗೆ. ಹೊಲಸು ಬಿಟ್ಟ ನೀರಿನ ಬಳಚು ಅಂತ ಒಮ್ಮೆ ಹೆಸರು ಬಂದರೆ ಕುಮಟಾ ಪೇಟೆಯಲ್ಲಿ ಯಾರು ಕೊಳ್ಳುತ್ತಾರೆ? ಇದೇ ಅಳಿವೆಯ ನೀರು ಸಾಣಿಕಟ್ಟೆಯ ಆಗರಗಳಿಗೆ ಹೋಗಿ ಉಪ್ಪಾಗುತ್ತದೆ. ಆ ಉಪ್ಪು ನಿಮ್ಮ ಮನೆಯ ಉಪ್ಪಿನಕಾಯಿಯಲ್ಲೂ ಇರಬಹುದು.

ಕಾನೂನಿನ ಮಾತು ನಾನು ಹೇಳುವುದು ಸರಿಯಲ್ಲವೇನೋ, ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಬರೆದಿಡುತ್ತೇನೆ. ಊರಿನ ಹೊಲಸನ್ನು ಶುದ್ಧ ಮಾಡದೆ ಕರಾವಳಿಯ ನೀರಿಗೆ ಬಿಡುವಂತಿಲ್ಲ ಅಂತ 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆ ಹೇಳುತ್ತದೆ. 1000 ಚದರ ಮೀಟರಿಗಿಂತ ದೊಡ್ಡ ಕಾಂಡ್ಲಾ ಕಾಡಿನ ಸುತ್ತ 50 ಮೀಟರ್ ಬಿಡಬೇಕು ಅಂತಲೂ ಹೇಳುತ್ತದೆ. ಒಂಬತ್ತನೇ ಗೂಟದಿಂದ ಕಾಂಡ್ಲಾಕ್ಕೆ ನಾನು ಹಗ್ಗ ಹಿಡಿದು ಅಳೆದೆ, 31 ಮೀಟರ್. ಶುದ್ಧ ಮಾಡಿದ ನೀರಿನಲ್ಲೂ ಮಲದ ಬ್ಯಾಕ್ಟೀರಿಯಾ 100 ಮಿಲಿಲೀಟರಿಗೆ 230ಕ್ಕಿಂತ ಜಾಸ್ತಿ ಇರಬಾರದು ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಏಪ್ರಿಲ್‌ನಲ್ಲಿ ಹೇಳಿತ್ತು. 2024ರ ಜನವರಿಯಲ್ಲಿ ಈ ಅಳಿವೆಯ 4801 ಹೆಕ್ಟೇರ್ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಆವಾಗ ಬಂದು ಫೋಟೊ ತೆಗೆಸಿಕೊಂಡವರು ಬಹಳ ಜನ. ನಿಮ್ಮ ಯೋಜನಾ ವರದಿಯಲ್ಲಿ ಮಾತ್ರ ಆ ಹೆಸರೇ ಇಲ್ಲ, ನಾನು ಎರಡು ಸಲ ಹುಡುಕಿದೆ. 'ಪರಿಸರದ ಮೇಲಿನ ಪರಿಣಾಮ' ಅನ್ನುವ ತಲೆಬರಹದ ಕೆಳಗೆ ಧೂಳು ಏಳದಂತೆ ನೀರು ಚಿಮುಕಿಸಲಾಗುವುದು ಅಂತ ಇದೆ. ನೀರು ಚಿಮುಕಿಸುವುದು! ಇಲ್ಲಿ!

ಹಾಗಾದರೆ ಏನು ಮಾಡಬೇಕು ಅಂತ ಕೇಳುತ್ತೀರಿ. ಕೇಳಲೇಬೇಕು, ಸುಮ್ನೆ ದೂರು ಹೇಳಿ ಕೂರುವುದು ಸುಲಭ.

ಇಡೀ ಊರಿನ ಹೊಲಸನ್ನು ಅತ್ಯಂತ ತಗ್ಗಿನ ಜಾಗಕ್ಕೆ ತಂದು ಅಲ್ಲಿಂದ ಎತ್ತುವ ಯೋಚನೆಯನ್ನೇ ಬಿಡಿ ಅನ್ನುವುದು ನಮ್ಮ ಮೊದಲ ಕೋರಿಕೆ. ನಮ್ಮೂರಿನಲ್ಲಿ ಮೂರು ಕೇರಿಗಳಿವೆ, ಒಂದೊಂದರ ಹಿಂದೆಯೂ ಸ್ವಲ್ಪ ಎತ್ತರದ ಜಾಗ ಇದೆ, ಮಳೆಗಾಲದಲ್ಲೂ ಮುಳುಗದ್ದು. ಒಂದೊಂದಕ್ಕೆ ಒಂದೊಂದು ಸಣ್ಣ ಘಟಕ ಸಾಕು. ಜಲ್ಲಿ ತುಂಬಿದ ತೊಟ್ಟಿಯಲ್ಲಿ ಆಪು, ಕಾಬಾಳೆ ಬೆಳೆಸಿ ನೀರು ಸೋಸುವ ಪದ್ಧತಿ ನಿಮಗೆ ಗೊತ್ತಿರುವುದೇ. ಟ್ಯಾಂಕಿನ ನೀರನ್ನು ಅಲ್ಲಿಗೆ ಎತ್ತಲು ಕೇರಿಗೊಂದು ಸಣ್ಣ ಮೋಟಾರು ಬೇಕಾಗಬಹುದು. ಕರೆಂಟ್ ಹೋದರೆ ಎರಡು ದಿನದ ನೀರು ಟ್ಯಾಂಕಿನಲ್ಲೇ ನಿಲ್ಲುವಷ್ಟು ಜಾಗ ಇಟ್ಟು ಕಟ್ಟಿ. ಒಂದು ಕಡೆ ಕೆಟ್ಟರೂ ಉಳಿದ ಎರಡು ಕೇರಿ ನಡೆಯುತ್ತದೆ.

ಶುದ್ಧವಾದ ನೀರನ್ನು ಬೇಸಿಗೆಯಲ್ಲಿ ತೆಂಗಿಗೆ ಬಿಡಿ, ನವೆಂಬರಿನಿಂದ ಮೇ ತನಕ ಕೊಟ್ಟಷ್ಟೂ ಬೇಕು. ಮಳೆಗಾಲದಲ್ಲಿ ತೋಟಕ್ಕೆ ಬೇಡ, ಹೊಳೆಗೇ ಬಿಡಬೇಕಾಗುತ್ತದೆ, ಅದನ್ನು ಅಡಗಿಸಿ ಹೇಳುವುದು ಬೇಡ. ಬಿಡುವ ಮೊದಲು ಒಂದು ಕೊಳದಲ್ಲಿ ನಿಲ್ಲಿಸಿ, ಪರೀಕ್ಷೆ ಮಾಡಿಸಿ, ಇಳಿತ ಶುರುವಾದ ಮೇಲೆ ಬಿಡಿ. ಭರತದಲ್ಲಿ ಬಿಟ್ಟರೆ ಅದು ಗಜನಿಗೇ ವಾಪಸ್ ಬರುತ್ತದೆ. ಪರೀಕ್ಷೆಯ ಫಲಿತಾಂಶವನ್ನು ಪಂಚಾಯಿತಿಯ ಬೋರ್ಡಿನ ಮೇಲೆ ಹಾಕಿ, ಕನ್ನಡದಲ್ಲಿ. ಹೊಲಸಿನ ವಾಸನೆ ಮುಚ್ಚಲು ಕ್ಲೋರಿನ್ ಸುರಿಯಬೇಡಿ, ಬಳಚಿನ ಮರಿಗಳು ಅದನ್ನು ತಡೆಯುವುದಿಲ್ಲ.

ಲೆಕ್ಕವನ್ನು ಇನ್ನೊಮ್ಮೆ ಹಾಕಿ. ನಿಮ್ಮದು 2011ರ ಜನಗಣತಿಯ ಜನಸಂಖ್ಯೆ, ತಲೆಗೆ 55 ಲೀಟರ್ ನೀರು, ಅದರಲ್ಲಿ ಶೇಕಡಾ 80 ಹೊಲಸಾಗಿ ಬರುತ್ತದೆ ಅನ್ನುವ ಲೆಕ್ಕ. ಶನಿವಾರ ಬಂದು ದಿನಕ್ಕೆ ಮೂರು ಸಲ ಸ್ನಾನ ಮಾಡುವವರು ಅದರಲ್ಲಿ ಇಲ್ಲ. ಹೋಂಸ್ಟೇಯವರಿಗೆ ಅವರದ್ದೇ ಟ್ಯಾಂಕ್, ಅವರದ್ದೇ ಜಾಸ್ತಿ ಶುಲ್ಕ ಇರಲಿ. ಅವರಲ್ಲಿ ಇಬ್ಬರು ನನ್ನ ನೆಂಟರೇ, ಈ ಸಾಲು ಓದಿ ಮಾತು ಬಿಡುತ್ತಾರೆ, ಪರವಾಗಿಲ್ಲ.

ಅಗೆಯುವ ಕಾಲದ ಬಗ್ಗೆ ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ಗಜನಿಗೆ ಬಿಡುವು ಅನ್ನುವುದು ಇಲ್ಲ. ಮಳೆ ಉಪ್ಪು ತೊಳೆದ ಮೇಲೆ ಕಗ್ಗ, ಕೊಯ್ಲಾದ ಮೇಲೆ ಮೀನು, ಶೆಟ್ಲಿ (ಸೀಗಡಿ). ಆದರೂ ಡಿಸೆಂಬರಿನಿಂದ ಮೇ ಹತ್ತರ ತನಕ ನೆಲ ಗಟ್ಟಿ ಇರುತ್ತದೆ, ಆವಾಗ ಮಾಡಿ, ಒಂದು ಸಲಕ್ಕೆ ಒಂದು ಕೇರಿ. ಬೆಳಿಗ್ಗೆ ತೋಡಿದ್ದನ್ನು ಸಾಯಂಕಾಲ ಮುಚ್ಚಿ. ಕಪ್ಪು ಮಣ್ಣು ಬಂದರೆ ಒಣಗಲು ಬಿಡದೆ ಅದೇ ದಿನ ವಾಪಸ್ ಹಾಕಿ, ಕೆಳಗಿನದು ಕೆಳಗೆ, ಮೇಲಿನದು ಮೇಲೆ. ಗಜನಿ ಕಟ್ಟೆಯ ಬಾಗಿಲುಗಳ ಮುಂದೆ ಮಣ್ಣು ಸುರಿಯಬೇಡಿ. ಇಟ್ಟಿಗೆ ಬದಲು ಸಂದಿಯಿಲ್ಲದ ಪ್ಲಾಸ್ಟಿಕ್ ಚೇಂಬರ್ ಹಾಕಿ, ಪೈಪುಗಳನ್ನು ಬೆಸೆಯಿರಿ. ಕಡಲ ಬದಿಯ ಕೆಲಸವನ್ನು ಹಗಲಲ್ಲೇ ಮುಗಿಸಿ, ಆ ತಿಂಗಳುಗಳಲ್ಲೇ ಕಡಲಾಮೆ ಮೊಟ್ಟೆ ಇಡಲು ದಡಕ್ಕೆ ಬರುವುದು. ರಾತ್ರಿ ಫೋಕಸ್ ಲೈಟ್ ಹಾಕಿದರೆ ಹೊಸ ಮರಿಗಳು ಸಮುದ್ರ ಬಿಟ್ಟು ನಿಮ್ಮ ಲೈಟಿನ ಕಡೆ ನಡೆಯುತ್ತವೆ. ಕೆಲಸ ಶುರುವಾಗುವ ಮೊದಲು ಎಲ್ಲಾ ಬಾವಿಯ ನೀರಿನ ಮಟ್ಟ, ಉಪ್ಪಿನ ಅಂಶ ಅಳೆದು ಮನೆಯವರ ಕೈಗೆ ಒಂದು ಚೀಟಿ ಕೊಡಿ. ಆಮೇಲೆ ಸಂಬಂಧ ಇದೆಯೋ ಇಲ್ಲವೋ ಅಂತ ವಾದ ಮಾಡುವ ಅಗತ್ಯವೇ ಬೀಳುವುದಿಲ್ಲ.

ಹೀಗೆಲ್ಲ ಮಾಡಲು ಹೊಸದಾಗಿ ಯೋಜನಾ ವರದಿ ಬರೆಯಬೇಕು, ಮತ್ತೆ ಮಂಜೂರಾತಿ ಆಗಬೇಕು, ಒಂದು ವರ್ಷ ಹೋಗುತ್ತದೆ, ಹಣ ವಾಪಸ್ ಹೋಗಬಹುದು ಅಂತ ನಿಮ್ಮಲ್ಲೊಬ್ಬರು ನನಗೆ ಫೋನಿನಲ್ಲಿ ಹೇಳಿದರು. ಬೆದರಿಸಿದ್ದಲ್ಲ, ನಿಜವಾಗಿಯೂ ಬೇಜಾರಿನಿಂದ ಹೇಳಿದರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಕರಾವಳಿಯ ಪಟ್ಟಣಗಳಿಗೆ ಸಾಲ ತಂದು ಒಳಚರಂಡಿ ಮಾಡುವ ಕೆಲಸ 1999ರ ಸುಮಾರಿಗೇ ಶುರುವಾಗಿದೆ. ಇಷ್ಟು ವರ್ಷದಲ್ಲಿ ಕಲಿತದ್ದು ನಿಮ್ಮ ಕಚೇರಿಯ ಕಪಾಟಿನಲ್ಲಿ ಎಲ್ಲೋ ಇರಲೇಬೇಕಲ್ವಾ? ಅದನ್ನು ತೆಗೆದು ನೋಡಲು ಒಂದು ವರ್ಷ ಹೋದರೆ ಹೋಗಲಿ. ನಮ್ಮ ಗುಂಡಿಗಳು ಇಷ್ಟು ವರ್ಷ ಕಾದಿವೆ.

ಕೊನೆಯದಾಗಿ ಒಂದು ಕೋರಿಕೆ, ಇದಕ್ಕೆ ಮಂಜೂರಾತಿ ಬೇಡ. ನೀವು ನಮ್ಮೂರನ್ನು ನೋಡಿದ್ದು ಜನವರಿಯಲ್ಲಿ. ಜನವರಿಯಲ್ಲಿ ನಮ್ಮೂರು ಬೇರೆಯೇ ಊರು. ಬರುವ ಅಮಾವಾಸ್ಯೆಯ ದಿನ, ಭರತ ತುಂಬುವ ಹೊತ್ತಿಗೆ, ನಕ್ಷೆಯ ಮೂರನೇ ಹಾಳೆ ಹಿಡಿದುಕೊಂಡು ಬನ್ನಿ. ಒಂಬತ್ತನೇ ಗೂಟ ಕಾಣದೇ ಹೋದರೆ ಅಂತ ಅದಕ್ಕೆ ಒಂದು ಉದ್ದನೆಯ ಬಿದಿರು ಕಟ್ಟಿ, ತುದಿಗೆ ಅಜ್ಜಿಯ ಹಳೆಯ ಕೆಂಪು ಸೀರೆಯ ತುಂಡು ಸಿಕ್ಕಿಸಿದ್ದೇನೆ. ಅಲ್ಲಿಯ ತನಕ ಹೋಗಲು ದೋಣಿ ಬೇಕು. ದೋಣಿ ನಮ್ಮದೇ ಇದೆ, ನಾಲ್ಕು ಜನ ಕೂರಬಹುದು. ಚಾ ಅಜ್ಜಿಯ ಮನೆಯಲ್ಲಿ, ಮಳೆ ಬಂದಮೇಲೆ ಆ ಬಾವಿಯ ನೀರು ಮತ್ತೆ ಸಿಹಿಯಾಗಿದೆ.

ಇಂತಿ,
ಆರು ಮಾರು ದೂರದಲ್ಲಿ ಬಾವಿ ಮತ್ತು ಗುಂಡಿ ಇಟ್ಟುಕೊಂಡಿರುವ
ಅಘನಾಶಿನಿ ದಂಡೆಯ ಒಬ್ಬ ನಿವಾಸಿ